ಗೂಬೆ ಬೀಗದ ಕೇಸು

ಲಾಯರಮ್ಮನಿಗೆ ಒಂದು ಕಾಯಿಲೆ ಇತ್ತು, ಯಾವ ಡಾಕ್ಟರ ಹತ್ತಿರವೂ ಮದ್ದಿಲ್ಲದ ಕಾಯಿಲೆ. ಯಾರ ಮನೆಗೆ ಹೋಗಲಿ, ಎದುರಿಗೆ ಬಂದವರ ಮುಖ ನೋಡುವುದಕ್ಕೆ ಮೊದಲು ಅವರ ಚಪ್ಪಲಿ ನೋಡುತ್ತಿದ್ದಳು. ಚಪ್ಪಲಿ ಆದಮೇಲೆ ಚೀಲ, ಚೀಲ ಆದಮೇಲೆ ಕೈಗಡಿಯಾರ. ನೋಡಿ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮುಚ್ಚುತ್ತಿರಲಿಲ್ಲ. ನಾದಿನಿ ಹಿಗ್ಗಿನಿಂದ ಹೊಸ ಚೀಲ ತಂದು ತೋರಿಸಿದಾಗ, ಇದರ ಹೊಲಿಗೆ ಇಂಚಿಗೆ ಎಂಟಿದೆ, ಅಸಲಿ ಚೀಲಕ್ಕೆ ಹನ್ನೊಂದಿರುತ್ತದೆ ಎಂದುಬಿಟ್ಟಳು. ನಾದಿನಿ ಒಂದು ವರ್ಷ ಮಾತು ಬಿಟ್ಟಳು. ಅವಳು ಬರುತ್ತಾಳೆ ಎಂದು ಗೊತ್ತಾದರೆ ನೆಂಟರು ಮನೆಯ ಅರ್ಧ ಸಾಮಾನನ್ನು ಮಂಚದ ಕೆಳಗೆ ತಳ್ಳುತ್ತಿದ್ದರಂತೆ. ಗಂಡನ ಚಿಕ್ಕಪ್ಪ ಒಬ್ಬರು ಕನ್ನಡಕವನ್ನೂ ಅಡಗಿಸಿಟ್ಟು, ಅವಳನ್ನು ಬೇರೆ ಯಾರೋ ಎಂದುಕೊಂಡು ಅರ್ಧ ಗಂಟೆ ಮಾತಾಡಿಸಿ ಕಳಿಸಿದರಂತೆ.

ಅವಳ ಕಸುಬೇ ಅಂಥದ್ದು. ದೊಡ್ಡ ಕಂಪನಿಗಳ ಹೆಸರು, ಗುರುತು ಕದ್ದು ನಕಲಿ ಮಾಲು ಮಾರುವವರನ್ನು ಹಿಡಿದು ಕೋರ್ಟಿಗೆ ಎಳೆಯುವುದು. ಹದಿನಾಲ್ಕು ವರ್ಷದಲ್ಲಿ ಕಾಲುಚೀಲ, ಬಲ್ಬು, ಹಲ್ಲುಪುಡಿ, ನೋವಿನ ಮುಲಾಮು, ಕೊನೆಗೆ ಇಲಿಪಾಷಾಣದ ನಕಲಿಯನ್ನೂ ಹಿಡಿದಿದ್ದಳು. ನಕಲಿ ಪಾಷಾಣ ತಿಂದ ಇಲಿಗಳು ಇನ್ನೂ ಕೊಬ್ಬಿದ್ದವು ಎಂದು ಅವಳು ಕೋರ್ಟಿನಲ್ಲಿ ತೋರಿಸಿಕೊಟ್ಟದ್ದು ಆಗಿನ ಕಾಲಕ್ಕೆ ದೊಡ್ಡ ಸುದ್ದಿ. ಇಷ್ಟಾದರೂ ನೆಂಟರಲ್ಲಿ ಅವಳಿಗೆ ಸಿಕ್ಕ ಬಿರುದು 'ಡೂಪ್ಲಿಕೇಟ್ ಲಾಯರು'. ಡೂಪ್ಲಿಕೇಟ್ ಕೇಸು ನಡೆಸುವವಳು ಡೂಪ್ಲಿಕೇಟ್ ಲಾಯರು ಅಲ್ಲದೆ ಮತ್ತೇನು ಎಂದು ನಾದಿನಿ ಹಬ್ಬಿಸಿದ್ದು.

ಮನೆಯಲ್ಲಿ ಇದ್ದದ್ದು ಅವಳೂ ಅವಳ ಅತ್ತೆಯೂ. ಗಂಡ ಹಡಗಿನಲ್ಲಿ ಇಂಜಿನಿಯರು. ವರ್ಷಕ್ಕೆ ಎರಡು ಸಲ ಬಂದು, ಅಮ್ಮನ ದೂರು ಒಂದು ವಾರ, ಹೆಂಡತಿಯ ದೂರು ಒಂದು ವಾರ ಕೇಳಿ, ಇದಕ್ಕಿಂತ ಬಿರುಗಾಳಿಯೇ ವಾಸಿ ಎಂದು ಹಡಗು ಹತ್ತುತ್ತಿದ್ದ. ಅತ್ತೆಗೂ ಆ ಕಟ್ಟಡದಲ್ಲಿ ಒಂದು ಹೆಸರಿತ್ತು. ಎಂಟು ಮನೆಯ ಕಟ್ಟಡ, ಮೂರು ಮಹಡಿ, ಎಲ್ಲ ಬಾಗಿಲೂ ನಡುವಿನ ಅಂಗಳದ ಕಡೆಗೆ. ಅಲ್ಲಿ ಯಾರು ಏನು ಕೊಳ್ಳಬೇಕಾದರೂ ಅತ್ತೆ ಮುಂದೆ ನಡೆಯಬೇಕು. ಪಾತ್ರೆಯನ್ನು ಬೆರಳಿನಿಂದ ತಟ್ಟಿ ಅದರ ವಯಸ್ಸು ಹೇಳುತ್ತಿದ್ದಳು. ಬಟ್ಟೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಎಷ್ಟನೇ ಒಗೆತಕ್ಕೆ ಬಣ್ಣ ಬಿಡುತ್ತದೆ ಎಂದು ಹೇಳುತ್ತಿದ್ದಳು. ಅವಳಿಗೆ ಮೋಸ ಮಾಡುವ ಅಂಗಡಿಯವನು ಇನ್ನೂ ಹುಟ್ಟಬೇಕು, ಹುಟ್ಟಿದರೂ ಅವನ ತೊಟ್ಟಿಲನ್ನು ಅವಳೇ ಆರಿಸಿ ಕೊಡಿಸಿರಬೇಕು ಎಂದು ಆ ಕಟ್ಟಡದವರ ನಂಬಿಕೆ.

ಹೀಗಿರುವಾಗ ಲಾಯರಮ್ಮನ ಪಾಲಿಗೆ ಗೂಬೆ ಮಾರ್ಕಿನ ಬೀಗದ ಕಂಪನಿಯ ಕೇಸು ಬಂತು. ಬೀಗದ ಹೊಟ್ಟೆಯ ಮೇಲೆ ಒಂದು ಗೂಬೆ, ಎರಡು ಕಣ್ಣನ್ನೂ ಅಗಲ ಬಿಟ್ಟುಕೊಂಡು ಕೂತಿರುತ್ತದೆ. ಊರೆಲ್ಲ ಅದರ ನಕಲಿ ತುಂಬಿಹೋಗಿತ್ತು. ನಕಲಿ ಗೂಬೆಗೆ ಎಡಗಣ್ಣು ಮೆಳ್ಳೆ. ಅದಕ್ಕಿಂತ ದೊಡ್ಡ ಐಬೆಂದರೆ, ಅಸಲಿಯಲ್ಲಿ ಬೀಗಕ್ಕೊಂದು ನಂಬರು, ನಂಬರಿಗೊಂದು ಬೀಗದ ಕೈ. ನಕಲಿಯಲ್ಲಿ ಎಲ್ಲದಕ್ಕೂ ೪೭೧ ಎಂಬ ಒಂದೇ ನಂಬರು, ಎಲ್ಲದಕ್ಕೂ ಒಂದೇ ಕೈ. ಒಂದು ಬೀಗದ ಕೈ ಇದ್ದವನಿಗೆ ಊರೆಲ್ಲ ಸ್ವಂತ ಮನೆ. ಈ ಮಾಲು ತಯಾರಾಗುವ ಗೋದಾಮು ಯಾವುದೆಂದು ಪತ್ತೆ ಮಾಡಿ, ಅಂಗಡಿಯಿಂದ ಒಂದು ನಕಲಿ ಬೀಗ ಕೊಂಡು, ಮೊಹರು ಮಾಡಿ ಕೋರ್ಟಿಗೆ ಒಪ್ಪಿಸಿ, ಗೋದಾಮು ಶೋಧಿಸಲು ಲಾಯರಮ್ಮ ಆದೇಶ ಪಡೆದಳು. ಈ ಕೇಸು ಗೆದ್ದರೆ ಅವಳನ್ನು ಪಾಲುದಾರಳಾಗಿ ಮಾಡಿಕೊಳ್ಳುವುದಾಗಿ ಆಫೀಸಿನ ಹಿರಿಯ ವಕೀಲರು ಹೇಳಿದ್ದರು. ಬಾಗಿಲ ಹೊರಗಿನ ಬೋರ್ಡಿನಲ್ಲಿ ಅವರ ಹೆಸರಿನ ಕೆಳಗೆ ಪೇಂಟರು ಆಗಲೇ ಅವಳ ಹೆಸರನ್ನು ಪೆನ್ಸಿಲಿನಲ್ಲಿ ಗೀಚಿದ್ದ. ದಿನಾ ಬೆಳಿಗ್ಗೆ ಅವಳು ಆ ಪೆನ್ಸಿಲು ಗೆರೆ ಅಳಿಸಿಲ್ಲವಷ್ಟೆ ಎಂದು ನೋಡಿಯೇ ಒಳಗೆ ಹೋಗುತ್ತಿದ್ದಳು.

ದಾಳಿಯ ದಿನ ಬೆಳಿಗ್ಗೆ ಹತ್ತೂವರೆಗೆ ಎಲ್ಲರೂ ಗೋದಾಮಿನ ಮುಂದೆ ನಿಂತರು. ಲಾಯರಮ್ಮ, ಬೀಗದ ಕಂಪನಿಯ ಮ್ಯಾನೇಜರು, ಇಬ್ಬರು ಪೊಲೀಸರು, ಶೋಧನೆ ನಡೆಸಿ ವರದಿ ಕೊಡಲು ಕೋರ್ಟು ನೇಮಿಸಿದ ಕಮಿಷನರು. ಈ ಕಮಿಷನರಿಗೆ ವಕೀಲರು ಇಟ್ಟ ಹೆಸರು 'ಅಲ್ಪವಿರಾಮ'. ಕಂಡದ್ದರಲ್ಲಿ ಒಂದು ಚುಕ್ಕೆ ಬಿಡದೆ ಬರೆಯುವ ಮನುಷ್ಯ. ಒಮ್ಮೆ ಯಾವುದೋ ದಾಳಿಯಲ್ಲಿ ಕುಡಿದ ಚಹಾಕ್ಕೆ ಸಕ್ಕರೆ ಕಡಿಮೆ ಇತ್ತು ಎಂದು ವರದಿಯಲ್ಲಿ ಬರೆದಿದ್ದನಂತೆ.

ಗೋದಾಮಿನ ಶಟರು ಎಳೆದಿತ್ತು. ಅದಕ್ಕೆ ಒಂದು ಬೀಗ ನೇತಾಡುತ್ತಿತ್ತು. ಸರಿ, ಒಡೆಯಿರಿ ಎಂದಳು ಲಾಯರಮ್ಮ. ಅಲ್ಪವಿರಾಮ ಆದೇಶವನ್ನು ಮೇಲಿಂದ ಕೆಳಗೆ ಓದಿದ, ಕೆಳಗಿಂದ ಮೇಲೆ ಓದಿದ, ಹಿಂದೆ ತಿರುಗಿಸಿ ಖಾಲಿ ಹಾಳೆಯನ್ನೂ ಓದಿದ. ಶೋಧಿಸಬಹುದು, ಜಪ್ತಿ ಮಾಡಬಹುದು, ಮೊಹರು ಹಾಕಬಹುದು ಎಂದಿದೆ. ಬೀಗ ಒಡೆಯಬಹುದು ಎಂದು ಎಲ್ಲೂ ಇಲ್ಲವಲ್ಲ ಎಂದ.

ಲಾಯರಮ್ಮನ ಕಾಲಿನ ಕೆಳಗಿನ ನೆಲ ಎರಡು ಮೈಲಿ ಕುಸಿಯಿತು. ಅರ್ಜಿಯ ಕರಡು ಅವಳೇ ಬರೆದದ್ದು. ಬರೆದದ್ದೆಂದರೇನು, ಹಳೆಯ ಕಾಲುಚೀಲದ ಕೇಸಿನ ಕರಡು ತೆಗೆದು, ಕಾಲುಚೀಲ ಇದ್ದಲ್ಲೆಲ್ಲ ಬೀಗ ಎಂದು ತುಂಬಿದ್ದಳು. ಕಾಲುಚೀಲ ಮಾರುವವರು ಫುಟ್‌ಪಾತಿನಲ್ಲಿ ಕೂರುತ್ತಿದ್ದರು. ಅವರಿಗೆ ಬಾಗಿಲೇ ಇರಲಿಲ್ಲ, ಬೀಗ ಒಡೆಯುವ ಮಾತು ಎಲ್ಲಿಂದ ಬರಬೇಕು. ಹೀಗೆ ಬೀಗದ ಕೇಸಿನಲ್ಲಿ ಬೀಗವನ್ನೇ ಮರೆತ ಮೊದಲ ವಕೀಲೆ ಎಂಬ ಕೀರ್ತಿ ಅವಳದಾಯಿತು. ಹೊಸ ಆದೇಶ ತರಬೇಕೆಂದರೆ ನಾಳೆ. ನಾಳೆಯ ಹೊತ್ತಿಗೆ ಒಳಗೆ ಒಂದು ಮೊಳೆಯೂ ಇರುವುದಿಲ್ಲ.

ಮ್ಯಾನೇಜರು ಬೀಗದ ಹತ್ತಿರ ಹೋಗಿ ಅದನ್ನು ಮಗುವಿನ ಗಲ್ಲ ಹಿಡಿದ ಹಾಗೆ ಹಿಡಿದು ನೋಡಿದ. ಕಳ್ಳನೂ ತನ್ನ ಮಾಲು ಕಾಯಲು ನಂಬುವುದು ನಮ್ಮ ಅಸಲಿ ಬೀಗವನ್ನೇ, ಇದು ನಮ್ಮದೇ, ತನ್ನ ಬೀಗದ ಕೈ ಬಿಟ್ಟು ಬೇರೆ ಯಾವುದಕ್ಕೂ ಇದು ಬಗ್ಗುವುದಿಲ್ಲ ಎಂದು ಭಾಷಣ ಮಾಡಿದ. ಅಲ್ಪವಿರಾಮ ಅದನ್ನೂ ಬರೆದುಕೊಂಡ.

ಲಾಯರಮ್ಮ ಬಗ್ಗಿ ನೋಡಿದಳು. ಗೂಬೆಯ ಎಡಗಣ್ಣು ಮೂಗಿನ ಕಡೆ ಓಡಿತ್ತು. ಅಂದರೆ ಗೋದಾಮಿನವನು ಎಂಥ ಜಿಪುಣನೆಂದರೆ, ತಾನು ಮಾಡಿದ ನಕಲಿ ಬೀಗವನ್ನೇ ತನ್ನ ಬಾಗಿಲಿಗೂ ಹಾಕಿಕೊಂಡಿದ್ದ. ಒಂದು ನಕಲಿ ಬೀಗದ ಕೈ ಸಿಕ್ಕರೆ ಒಡೆಯುವ ಮಾತೇ ಬೇಡ, ತೆರೆದರಾಯಿತು. ತೆರೆಯಬಾರದು ಎಂದು ಆದೇಶದಲ್ಲಿಲ್ಲ ಎಂದು ಅಲ್ಪವಿರಾಮನೂ ಒಪ್ಪಿದ. ಆದರೆ ಅವಳು ಕೊಂಡಿದ್ದ ಒಂದೇ ಒಂದು ನಕಲಿ ಬೀಗ ಕೈಸಮೇತ ಕೋರ್ಟಿನ ಕಪಾಟಿನಲ್ಲಿ ಮೊಹರಾಗಿ ಕೂತಿತ್ತು. ಏನೂ ತೋಚದೆ ತನ್ನ ಗೊಂಚಲು ತೆಗೆದು, ಮುಳುಗುವವಳಿಗೆ ಹುಲ್ಲುಕಡ್ಡಿ ಎಂಬಂತೆ, ಒಂದೊಂದೇ ತೂರಿಸಿದಳು. ಸ್ಕೂಟರಿನದು ಹೋಗಲಿಲ್ಲ. ಆಫೀಸಿನ ಡ್ರಾಯರಿನದು ಅರ್ಧಕ್ಕೆ ನಿಂತಿತು. ಮನೆಯದು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದು, ಟಕ್ ಎಂದು ಬೀಗ ಬಾಯಿ ಬಿಟ್ಟಿತು.

ಪೊಲೀಸರು ಚಪ್ಪಾಳೆ ತಟ್ಟಿದರು. ಒಳಗೆ ಹನ್ನೆರಡು ಸಾವಿರ ಮೆಳ್ಳೆಗಣ್ಣಿನ ಗೂಬೆಗಳು ಪೆಟ್ಟಿಗೆ ಪೆಟ್ಟಿಗೆ ತುಂಬಿಕೊಂಡು ಇವಳನ್ನೇ ನೋಡುತ್ತಿದ್ದವು. ಗೆದ್ದ ಸಂತೋಷ ಅವಳಿಗೆ ಅರ್ಧ ನಿಮಿಷ ಇತ್ತು. ಆಮೇಲೆ ಎರಡು ವಿಷಯ ಒಟ್ಟಿಗೆ ತಲೆಗೆ ಹೊಕ್ಕವು. ಒಂದು, ಊರಿನವರ ಚಪ್ಪಲಿ ಚೀಲವೆಲ್ಲ ಜಾಲಾಡಿದ ತನ್ನ ಸ್ವಂತ ಮನೆಯ ಬಾಗಿಲಿಗೆ ಡೂಪ್ಲಿಕೇಟ್ ಬೀಗ ಇದೆ. ಎರಡು, ಅಲ್ಪವಿರಾಮ ಪಕ್ಕದಲ್ಲಿ ಗೀಚುತ್ತಿದ್ದ: 'ಸದರಿ ಬೀಗವನ್ನು, ಕಂಪನಿಯ ಮ್ಯಾನೇಜರು ಅಸಲಿ ಎಂದು ಗುರುತಿಸಿದ ನಂತರ, ಕಂಪನಿಯ ವಕೀಲರು, ತಮ್ಮ ಬಳಿಯಲ್ಲಿದ್ದ ಬೀಗದ ಕೈಯಿಂದ, ತೆರೆದರು.'

ಆ ಒಂದು ಸಾಲು ಸಾಕಾಯಿತು. ಮುಂದಿನ ವಾರ ಕೋರ್ಟಿನಲ್ಲಿ ಗೋದಾಮಿನವನ ವಕೀಲ ಎದ್ದು ನಿಂತ. ಜೇನು ಸುರಿಯುವ ನಾಲಿಗೆಯವನು, ಚುಚ್ಚಿದ್ದು ಮನೆಗೆ ಹೋದಮೇಲೆ ಉರಿಯುತ್ತದೆ. ಕಂಪನಿಯವರೇ ಅಸಲಿ ಎಂದ ಬೀಗ, ಅದರ ಕೈ ಇವರ ಲಾಯರಮ್ಮನ ಜೇಬಿನಲ್ಲಿ ಹೇಗೆ ಬಂತು ಸ್ವಾಮಿ ಎಂದು ಕೇಳಿದ. ಮೊದಲೇ ಕಳ್ಳಗೈ ಮಾಡಿಸಿಕೊಂಡು, ಮಾಲು ತುಂಬಿಸಿ, ಆಮೇಲೆ ದಾಳಿಯ ನಾಟಕ ಆಡಿದ್ದಾರೆ, ನಮ್ಮ ಕಕ್ಷಿದಾರರ ಗೋದಾಮಿನಲ್ಲಿ ಇದ್ದದ್ದು ಬರೀ ಖಾಲಿ ಗೋಣಿಚೀಲ ಎಂದ. ನ್ಯಾಯಾಧೀಶೆ ಕನ್ನಡಕದ ಮೇಲಿಂದ ಲಾಯರಮ್ಮನನ್ನು ನೋಡಿದರು. ಆ ಬೀಗದ ಕೈ ಎಲ್ಲಿಯದೆಂದು ಹತ್ತು ದಿನದಲ್ಲಿ ಸಾಕ್ಷಿಸಮೇತ ತೋರಿಸಿ, ಇಲ್ಲದಿದ್ದರೆ ನಿಮ್ಮ ಸನ್ನದಿನ ವಿಷಯ ವಕೀಲರ ಪರಿಷತ್ತಿಗೆ ಬರೆಯಬೇಕಾಗುತ್ತದೆ ಎಂದರು. ಆಫೀಸಿಗೆ ಬಂದರೆ ಹಿರಿಯ ವಕೀಲರು ಏನೂ ಬೈಯಲಿಲ್ಲ. ಮೇಜಿನ ಮೇಲೆ ಒಂದು ಹೊಸ ರಬ್ಬರು ತಂದು ಇಟ್ಟುಕೊಂಡಿದ್ದರು, ಅಷ್ಟೆ.

ಮನೆಗೆ ಬಂದವಳೇ ಬಾಗಿಲ ಬೀಗವನ್ನು ಕೈಯಲ್ಲಿ ಹಿಡಿದಳು. ಧೂಳು ನೀರು ಹೋಗದಿರಲಿ ಎಂದು ಅತ್ತೆ ಅದಕ್ಕೆ ಹಳೆಯ ಟ್ಯೂಬಿನ ರಬ್ಬರಿನ ಮುಸುಕು ಕಟ್ಟಿದ್ದಳು. ಆರು ವರ್ಷದಲ್ಲಿ ಒಮ್ಮೆಯಾದರೂ ಲಾಯರಮ್ಮ ಆ ಮುಸುಕು ಎತ್ತಿ ನೋಡಿರಲಿಲ್ಲ. ದೀಪದ ಕೆಳಗೆ ಕತ್ತಲೆ ಎನ್ನುವುದು ಸುಮ್ಮನಲ್ಲ. ಎತ್ತಿದಳು. ಮೆಳ್ಳೆಗಣ್ಣಿನ ಗೂಬೆ.

ಅತ್ತೆ ಒಪ್ಪಲಿಲ್ಲ. ಗಾಜಿನ ಬಾಗಿಲಿನ ದೊಡ್ಡ ಅಂಗಡಿಯಲ್ಲಿ ತಾನೇ ನಿಂತು ತಂದದ್ದು, ಗೂಬೆಗೆ ವಯಸ್ಸಾಗಿ ಕಣ್ಣು ಹೋಗಿರಬೇಕು ಎಂದಳು. ಕೋರ್ಟಿಗೆ ಬಂದು ಇದನ್ನು ಎಲ್ಲಿ ಕೊಂಡಿರಿ ಎಂದು ಹೇಳಿ ಎಂದು ಸೊಸೆ ಕೈಮುಗಿದರೆ, ತನಗೆ ಮಂಡಿನೋವು ಎಂದಳು. ಆ ಕೋರ್ಟಿಗೆ ಲಿಫ್ಟ್ ಇದೆ ಎಂದರೆ, ತನಗೆ ಲಿಫ್ಟಿನಲ್ಲೂ ಮಂಡಿ ನೋಯುತ್ತದೆ ಎಂದಳು. ಹೀಗೆ ನಾಲ್ಕು ದಿನ ಕಳೆಯಿತು. ಮಾತಿಗೊಂದು ನೆವ. ಅತ್ತೆ ಇಷ್ಟು ಸಲ ಮಾತು ತಿರುಗಿಸಿದ್ದನ್ನು ಲಾಯರಮ್ಮ ಎಂದೂ ಕಂಡಿರಲಿಲ್ಲ. ಅವಳಿಗೆ ಸಂಶಯ ಶುರುವಾಯಿತು.

ಐದನೇ ದಿನ ಮಧ್ಯಾಹ್ನ ಅವಳು ಬೇಗ ಮನೆಗೆ ಬಂದಳು. ಕಟ್ಟಡದವರೆಲ್ಲ ಕೆಲಸಕ್ಕೆ ಹೋಗಿದ್ದರು. ಕಾರಿಡಾರಿನಲ್ಲಿ ಸಾಲಾಗಿ ಬೀಗಗಳು, ಪ್ರತಿಯೊಂದಕ್ಕೂ ಅದೇ ಟ್ಯೂಬಿನ ಮುಸುಕು, ಎಲ್ಲ ಒಬ್ಬರೇ ಕತ್ತರಿಸಿದ್ದು. ಲಾಯರಮ್ಮ ಮೊದಲ ಮನೆಯ ಬೀಗಕ್ಕೆ ತನ್ನ ಬೀಗದ ಕೈ ಹಾಕಿದಳು, ತೆರೆಯಿತು. ಎರಡನೆಯದು, ತೆರೆಯಿತು. ಮೂರನೆಯದಕ್ಕೆ ಹಾಕಿ ತಿರುಗಿಸುತ್ತಾಳೆ, ಜಪ್ಪಯ್ಯ ಎಂದರೂ ಅಲ್ಲಾಡದು.

"ಮೂರನೇ ಮನೇದು ಸ್ವಲ್ಪ ಮೇಲಕ್ಕೆತ್ತಿ ಅಲ್ಲಾಡಿಸ್ಬೇಕು," ಎಂದು ಹಿಂದಿನಿಂದ ದನಿ ಬಂತು.

ಅತ್ತೆ ಮೆಟ್ಟಿಲ ಮೇಲೆ ನಿಂತಿದ್ದಳು, ಕೈಯಲ್ಲಿ ಯಾರದೋ ಮನೆಯ ಒಣಗಿದ ಬಟ್ಟೆಯ ರಾಶಿ. ಅತ್ತೆ ಬಂದು, ಬೀಗವನ್ನು ಒಂದಿಷ್ಟು ಎತ್ತಿ, ಅಲ್ಲಾಡಿಸಿ, ತೆರೆದು, ಬಟ್ಟೆಯನ್ನು ಒಳಗೆ ಕುರ್ಚಿಯ ಮೇಲಿಟ್ಟು, ಮತ್ತೆ ಬೀಗ ಹಾಕಿದಳು. ಹಾಕಿದಮೇಲೆ ಜಗ್ಗಿಯೂ ನೋಡಿದಳು, ಭದ್ರವಾಗಿದೆಯೇ ಎಂದು.

ನಿಜ ಸಂಗತಿ ಹೀಗಿತ್ತು. ಆರು ವರ್ಷದ ಹಿಂದೆ ಕಟ್ಟಡದಲ್ಲಿ ಕಳ್ಳರ ಭಯ ಎದ್ದಾಗ ಎಂಟು ಮನೆಗೂ ಒಳ್ಳೆಯ ಬೀಗ ತರುವ ಜವಾಬ್ದಾರಿ ಅತ್ತೆಯದಾಗಿತ್ತು. ರೈಲ್ವೆ ಸ್ಟೇಷನ್ನಿನ ಹೊರಗೆ ಗೋಣಿಚೀಲದಲ್ಲಿ ಹಾಕಿಕೊಂಡು ಮಾರುವವನ ಹತ್ತಿರ ಎಂಟು ಬೀಗ ತಂದಳು. ಜೀವನದಲ್ಲಿ ಮೊದಲ ಸಲ ಒಬ್ಬ ಅವಳಿಗೆ ಟೋಪಿ ಹಾಕಿದ್ದ. ಒಂದು ತಿಂಗಳ ಮೇಲೆ ಎರಡನೇ ಮನೆಯವರು ನಲ್ಲಿ ಬಿಟ್ಟುಹೋಗಿ ನೀರು ಮೆಟ್ಟಿಲಿಳಿದು ಬಂದಾಗ, ಗಾಬರಿಯಲ್ಲಿ ತನ್ನ ಬೀಗದ ಕೈ ತೂರಿಸಿದರೆ ಬಾಗಿಲು ತೆರೆಯಿತು. ಆವತ್ತೇ ಗೊತ್ತಾಯಿತು. ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಎಂಟು ಮನೆ ಕಾಯಬೇಕಾಗುತ್ತದೆ. ಕಾಯುವುದನ್ನೇ ಆರಿಸಿಕೊಂಡಳು. ಆರು ವರ್ಷದಿಂದ ಅವಳು ಊರಿಗೆ ಹೋಗದೆ, ಮಗಳ ಮನೆಗೂ ಹೋಗದೆ, ಕಟ್ಟಡ ಖಾಲಿ ಇದ್ದಾಗ ಕಿಟಕಿ ಬಿಟ್ಟು ಏಳದೆ ಕೂತದ್ದು ಅದಕ್ಕೇ. ಮಂಡಿನೋವೆಲ್ಲ ಸುಳ್ಳು.

"ನಾನು ಕೋರ್ಟಲ್ಲಿ ಬಾಯಿ ಬಿಟ್ರೆ ಆ ಏಳು ಮನೆಯೋರು ನನ್ನ ಮುಖದ ಮೇಲೆ ಬಾಗಿಲು ಹಾಕ್ತಾರೆ ಕಣೆ," ಎಂದಳು ಅತ್ತೆ.

"ಬಿಡದೆ ಹೋದ್ರೆ ನನ್ನ ಕರಿ ಕೋಟು ಹೋಗತ್ತೆ ಅತ್ತೆ."

ಅತ್ತೆ ಸೊಸೆಯ ಕೋಟನ್ನು ಮೇಲಿಂದ ಕೆಳಗೆ ನೋಡಿದಳು. ಹಾಳಾದ ಆ ಕೋಟು ನಿನಗೆ ಒಪ್ಪುವುದೂ ಇಲ್ಲ, ಭುಜ ಜೋಲುತ್ತದೆ ಎಂದು ಗೊಣಗಿದಳು. ಆಮೇಲೆ, ಏಳು ಮನೆಯವರಿಗೂ ಅವರವರ ಬೀಗ ತಗೊಂಡು ಕೋರ್ಟಿಗೆ ಬರಲು ಹೇಳು ಎಂದಳು. ಯಾಕೆ ಎನ್ನುವುದನ್ನು ಮಾತ್ರ ಹೇಳಬೇಡ ಎಂದಳು.

ಹತ್ತನೇ ದಿನ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಏಳು ಮನೆಯವರು ಮಡಿಲಲ್ಲಿ ಬೀಗ ಇಟ್ಟುಕೊಂಡು, ದವಾಖಾನೆಯಲ್ಲಿ ಮಗು ಹಿಡಿದು ಕೂತವರ ಹಾಗೆ ಕೂತಿದ್ದರು. ಬ್ಯಾಂಕಿನ ಗುಮಾಸ್ತ, ದರ್ಜಿಯ ಹೆಂಡತಿ, ನರ್ಸು, ನಿವೃತ್ತ ಮೇಷ್ಟರು, ಹೊಸದಾಗಿ ಮದುವೆಯಾದ ಜೋಡಿ, ಇನ್ನಿಬ್ಬರು. ಅತ್ತೆ ಸಾಕ್ಷಿಕಟ್ಟೆ ಹತ್ತಿದಳು. ಆರು ವರ್ಷದ ಹಿಂದೆ ಎಂಟು ಬೀಗ ತಂದದ್ದು, ಅವುಗಳಲ್ಲೊಂದರ ಬೀಗದ ಕೈಯೇ ಸೊಸೆಯ ಗೊಂಚಲಿನಲ್ಲಿದ್ದದ್ದು, ಅವು ಡೂಪ್ಲಿಕೇಟ್ ಎಂದು ತಿಳಿದದ್ದು, ಯಾರಿಗೂ ಹೇಳದೆ ಇದ್ದದ್ದು ಎಲ್ಲ ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಕೊರಳಿನ ದಾರದಿಂದ ಬೀಗದ ಕೈ ಬಿಚ್ಚಿ, ಒಂದರ ಹಿಂದೊಂದು ಏಳು ಬೀಗವನ್ನೂ ಸೊಪ್ಪು ಮುರಿದಂತೆ ತೆರೆದು ಮೇಜಿನ ಮೇಲಿಟ್ಟಳು. ಹಿಂದಿನ ಬೆಂಚಿನಿಂದ ಒಂದೊಂದು ಟಕ್ಕಿಗೂ ಒಂದೊಂದು ನಿಟ್ಟುಸಿರು ಬಂತು. ಕೊನೆಗೆ ಕೋರ್ಟಿನ ಗುಮಾಸ್ತರು ಮೊಹರು ಒಡೆದು ಗೋದಾಮಿನ ಬೀಗ ತಂದರು. ಅತ್ತೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಇದೂ ಅದೇ ತಾಯಿಯ ಮಗು ಎಂದು ತೆರೆದಳು. ನ್ಯಾಯಾಧೀಶೆ ಎಂಟನ್ನೂ ತಿರುಗಿಸಿ ನೋಡಿದರು. ಎಲ್ಲದರ ಬೆನ್ನಲ್ಲೂ ೪೭೧. ಮ್ಯಾನೇಜರನನ್ನು ಕರೆದು ಇದು ಅಸಲಿಯೇ ಎಂದು ಮತ್ತೆ ಕೇಳಿದರು. ಅವನು ಸ್ವರ ಇಳಿಸಿ, ಆವತ್ತು ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದ. ದಾಳಿಯ ದಿನ ಮೋಡ ಕವಿದಿತ್ತು ಎಂದು ಅಲ್ಪವಿರಾಮನ ವರದಿಯಲ್ಲಿತ್ತು.

ಜೇನು ನಾಲಿಗೆಯ ವಕೀಲ ಕೈಯಿಂದ ಜಾರುತ್ತಿದ್ದ ಕೇಸನ್ನು ಹಿಡಿಯಲು ಒಂದು ಕೊನೆಯ ಪಟ್ಟು ಹಾಕಿದ. ಸಾಕ್ಷಿಯನ್ನೇ ಕಳ್ಳಿ ಎಂದು ತೋರಿಸಿದರೆ ಸಾಕ್ಷಿ ಬಿದ್ದುಹೋಗುತ್ತದೆ.

"ಅಂದ್ರೆ ಅಜ್ಜಿ, ಆರು ವರ್ಷದಿಂದ ಯಾರೂ ಇಲ್ಲದಾಗ ಈ ಏಳೂ ಮನೆ ಒಳಗೆ ನೀವು ಹೋಗ್ತಿದ್ರಿ."

"ಹೋಗ್ತಿದ್ದೆನಪ್ಪ."

"ಒಳಗೆ ಏನೇನು ನೋಡಿದ್ರಿ ಅಂತ ಕೋರ್ಟಿಗೆ ಹೇಳ್ತೀರಾ?"

ಅತ್ತೆ ಅವಸರ ಮಾಡಲಿಲ್ಲ. ನಿಧಾನವಾಗಿ ತಿರುಗಿ ಹಿಂದಿನ ಬೆಂಚನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಹೇಳ್ಲಾ?" ಎಂದಳು.

ಬ್ಯಾಂಕಿನ ಗುಮಾಸ್ತನ ತಲೆ ಮೊದಲು ಬಗ್ಗಿತು. ನರ್ಸಿನದು, ದರ್ಜಿಯ ಹೆಂಡತಿಯದು, ಒಂದರ ಹಿಂದೊಂದು ಗಾಳಿಗೆ ಪೈರು ಬಾಗಿದಂತೆ ಬಾಗಿದವು. ಹೊಸ ಜೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನಿನ್ನದೋ ನನ್ನದೋ ಎಂಬ ಹಾಗೆ. ನಿವೃತ್ತ ಮೇಷ್ಟರು ತಟ್ಟನೆ ಎದ್ದು ನಿಂತು, ಅಮ್ಮನವರಿಗೆ ನಾನೇ ಬಾಯಿಮಾತಿನಲ್ಲಿ ಅನುಮತಿ ಕೊಟ್ಟಿದ್ದೆ ಸ್ವಾಮಿ ಎಂದರು. ಕೂಡಲೇ ಎಲ್ಲರೂ ಎದ್ದರು. ನಾನೂ ಕೊಟ್ಟಿದ್ದೆ, ನಾವೂ ಕೊಟ್ಟಿದ್ದೆವು, ಅವರಿಲ್ಲದಿದ್ದರೆ ನಮ್ಮ ಮನೆ ಮುಳುಗಿಹೋಗುತ್ತಿತ್ತು ಎಂದು ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಇಂಥ ಒಗ್ಗಟ್ಟು ಆ ಕಟ್ಟಡದಲ್ಲಿ ನೀರಿನ ಟ್ಯಾಂಕು ಒಡೆದಾಗಲೂ ಕಂಡಿರಲಿಲ್ಲ. ನ್ಯಾಯಾಧೀಶೆ ಮುಖಕ್ಕೆ ಕಾಗದ ಅಡ್ಡ ಹಿಡಿದುಕೊಂಡರು. ಹಿಂದೆ ನಗುತ್ತಿದ್ದರೋ ಏನೋ, ಕಾಗದ ಮಾತ್ರ ಅಲ್ಲಾಡುತ್ತಿತ್ತು.

ಸಂಜೆಯೊಳಗೆ ಆದೇಶ ಬಂತು. ಬೀಗದ ಕೈಯ ಬಗ್ಗೆ ಲಾಯರಮ್ಮನ ಮೇಲಿನ ಆರೋಪ ಬಿದ್ದುಹೋಯಿತು. ಹನ್ನೆರಡು ಸಾವಿರ ಗೂಬೆಗಳನ್ನು ಕರಗಿಸಬೇಕೆಂದಾಯಿತು. ಆದರೆ ಆದೇಶದ ಕೊನೆಗೆ, ಕಂಪನಿಯ ವಕೀಲರು ಮುಂದೆ ಕರಡು ಬರೆಯುವಾಗ ಕಾಲುಚೀಲದಿಂದ ದೂರವಿರುವುದು ಒಳ್ಳೆಯದು ಎಂಬ ಒಂದು ಸಾಲನ್ನು ನ್ಯಾಯಾಧೀಶೆ ಸೇರಿಸಿದ್ದರು. ಆ ಸಾಲು ವಕೀಲರ ಕ್ಯಾಂಟೀನಿನಲ್ಲಿ ಇನ್ನೂ ಓಡಾಡುತ್ತಿದೆ. ಹಿರಿಯ ವಕೀಲರು ರಬ್ಬರನ್ನು ಡ್ರಾಯರಿಗೆ ಹಾಕಿ ಪೇಂಟರನ್ನು ಕರೆಸಿದರು.

ಮ್ಯಾನೇಜರು ತನ್ನ ಕೆಲಸ ಉಳಿಸಿಕೊಳ್ಳುವ ಭರದಲ್ಲಿ ಕಂಪನಿಯ ಪರವಾಗಿ ಎಂಟು ಮನೆಗೂ ಎಂಟು ಅಸಲಿ ಬೀಗ ತಂದು, ನಿಂತು, ತಾನೇ ಹಾಕಿಸಿ ಹೋದ. ಎಂಟಕ್ಕೂ ಬೇರೆ ಬೇರೆ ನಂಬರು. ಏಳು ಮನೆಯವರು ಅತ್ತೆಯನ್ನು ಮೊದಲಿಗಿಂತ ಎರಡರಷ್ಟು ವಿನಯದಿಂದ ಮಾತಾಡಿಸತೊಡಗಿದರು. ಬ್ಯಾಂಕಿನ ಗುಮಾಸ್ತ ಮೆಟ್ಟಿಲಲ್ಲಿ ಕಂಡರೆ ಗೋಡೆಗೆ ಅಂಟಿ ದಾರಿ ಬಿಡುತ್ತಿದ್ದ.

ಅದನ್ನು ನೋಡಿ ನೋಡಿ ಲಾಯರಮ್ಮನಿಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಇಬ್ಬರೂ ಕಿಟಕಿಯ ಹತ್ತಿರ ಕೂತಿದ್ದಾಗ, ತಾನು ಯಾರಿಗೂ ಹೇಳುವುದಿಲ್ಲ, ವಕೀಲರ ಬಾಯಿ ಗುಟ್ಟಿನ ಪೆಟ್ಟಿಗೆ ಎಂದೆಲ್ಲ ಪೀಠಿಕೆ ಹಾಕಿ, ಆ ಮನೆಗಳಲ್ಲಿ ಅಂಥದ್ದೇನು ಇತ್ತು ಎಂದು ಕೇಳಿದಳು.

"ಏನೂ ಇರ್ಲಿಲ್ಲ ಕಣೆ," ಎಂದಳು ಅತ್ತೆ. "ನಾನು ನಲ್ಲಿ ನಿಲ್ಸಿ, ಬಟ್ಟೆ ಇಟ್ಟು ಬರ್ತಿದ್ದೆ. ಕಪಾಟು ಮುಟ್ಟಿದ್ರೆ ನನ್ನ ಕೈ ಸೇದಿಹೋಗ್ಲಿ."

ಸೊಸೆ ಬಿಟ್ಟ ಕಣ್ಣು ಬಿಟ್ಟಹಾಗೆ ನೋಡಿದಳು. ಅತ್ತೆ ಕಿಟಕಿಯಿಂದ ಅಂಗಳದ ಕಡೆ ಕತ್ತು ಚಾಚಿ, ಸಾಲು ಬಾಗಿಲುಗಳನ್ನು ಒಂದೊಂದಾಗಿ ನೋಡಿದಳು. ಎಲ್ಲದರ ಚಿಲಕದಲ್ಲೂ ಹೊಸ ಬೀಗ ಹೊಳೆಯುತ್ತಿತ್ತು.

"ಆದ್ರೆ ಅವತ್ತು ಎಲ್ರೂ ಹಂಗೆ ತಲೆ ಬಗ್ಸಿದ್ರಲ್ಲ," ಎಂದಳು. "ಆಗಿನಿಂದ ನಂಗೆ ನಿದ್ದೇನೇ ಇಲ್ಲ. ಹಾಳಾದ್ದು, ಈಗ ನೋಡಿದ್ರೆ ಬೀಗ ಎಲ್ಲ ಅಸಲಿ."